ನಾಯಿ ಮಲಗುವ ಮುನ್ನ ಸುತ್ತುವುದೇಕೆ?

ಭೂಮಿಗೆ ಇನ್ನೂ ಹಸಿಮಣ್ಣಿನ ವಾಸನೆಯಿದ್ದ ಕಾಲ ಅದು. ನದಿಗಳು ದಾರಿ ಹುಡುಕಿಕೊಳ್ಳುತ್ತಿದ್ದವು. ಗಾಳಿ ಎಲ್ಲರ ಜೊತೆ ಮಾತಾಡುತ್ತಿತ್ತು.

ಆಗ ಮನುಷ್ಯರಿಗೊಂದು ದೊಡ್ಡ ಭಯ. ಭೂಮಿ ರೊಟ್ಟಿಯ ಹಾಗೆ ಚಪ್ಪಟೆ, ದೂರ ನಡೆದರೆ ಅಂಚಿನಿಂದ ಬಿದ್ದೇಬಿಡುತ್ತೇವೆ ಎಂದುಕೊಂಡಿದ್ದರು. ಯಾರೂ ಗುಡ್ಡ ದಾಟುತ್ತಿರಲಿಲ್ಲ. ಗುಡ್ಡದ ಈಚೆಗಿದ್ದ ಗೆಡ್ಡೆ ಗೆಣಸೆಲ್ಲ ಮುಗಿಯುತ್ತಾ ಬಂತು. ಮಕ್ಕಳು ಹಸಿದು ಅಳತೊಡಗಿದರು.

"ಮೇಲಿಂದ ನೋಡಿದರೆ ಅಂಚು ಕಾಣುತ್ತೆ," ಎಂದ ಊರ ಹಿರಿಯ ಮಾಳಪ್ಪ.

"ಮೋಡದವರೆಗೆ ಹೋಗಿದ್ದೇನೆ. ಆಚೆಗೆ ನನ್ನ ರೆಕ್ಕೆ ನಡೆಯೋದಿಲ್ಲ," ಎಂದಿತು ಹದ್ದು.

"ನಾನು ಒಯ್ಯುತ್ತೇನೆ," ಎಂದಿತು ಗಾಳಿ. "ಆದರೆ ಮನುಷ್ಯರ ಭಾರ ನನಗಾಗದು. ಸಣ್ಣ ಪ್ರಾಣಿ ಯಾವುದಾದರೂ ಕೊಡಿ. ಅಲ್ಲಿ ಉಸಿರು ಸಿಗುತ್ತೋ ಇಲ್ಲವೋ, ನನಗೂ ಗೊತ್ತಿಲ್ಲ."

ಎಲ್ಲರ ಕಣ್ಣೂ ಕೆಂಚಿಯ ಮೇಲೆ ಬಿತ್ತು. ಕೆಂಚಿ ಯಾರ ಮನೆಯ ನಾಯಿಯೂ ಅಲ್ಲ. ಬುಟ್ಟಿ ಹೆಣೆಯುವ ಹೊಳೆವ್ವ ಹಾಕಿದ್ದನ್ನು ತಿಂದು, ಅವಳ ಬಾಗಿಲಲ್ಲೇ ಮಲಗುತ್ತಿತ್ತು.

"ನೀನು ಕರೆದರೆ ಮಾತ್ರ ಬರುತ್ತೆ, ಹೊಳೆವ್ವ," ಎಂದ ಮಾಳಪ್ಪ.

ಹೊಳೆವ್ವ ಸೊಂಟದ ಮೇಲಿದ್ದ ಹಸಿದ ಕೂಸನ್ನು ನೋಡಿದಳು. ಕೆಂಚಿಯನ್ನು ನೋಡಿದಳು.

ಮೂರು ದಿನ ಕೂತು ಬಿದಿರಿನ ಬುಟ್ಟಿ ಹೆಣೆದಳು. ಒಳಗೆ ಹತ್ತಿ ಹಾಸಿದಳು. "ಬಾ ಕೆಂಚಿ," ಎಂದಳು. ಕೆಂಚಿ ಬಾಲ ಆಡಿಸುತ್ತಾ ಬಂದು ಬುಟ್ಟಿಯಲ್ಲಿ ಕೂತಿತು. ಎಲ್ಲಿಗೆ, ಏಕೆ ಎಂದು ಕೇಳಲಿಲ್ಲ. ಹೊಳೆವ್ವ ಮುಖ ತಿರುಗಿಸಿಕೊಂಡಳು.

ಗಾಳಿ ಬುಟ್ಟಿಯನ್ನೆತ್ತಿತು. ಮರದ ಮೇಲೆ, ಹದ್ದಿನ ಮೇಲೆ, ಮೋಡದ ಮೇಲೆ ಒಯ್ದಿತು. ಆಮೇಲೆ ಕಾಣಲಿಲ್ಲ.

ತುಸು ಹೊತ್ತಿಗೆ ಗಾಳಿಯೊಂದೇ ವಾಪಸು ಬಂತು.

"ಕೈ ಜಾರಿತು, ಹೊಳೆವ್ವ. ನಾನು ಮುಗಿಯುವ ಜಾಗವೊಂದಿದೆ, ನನಗೇ ಗೊತ್ತಿರಲಿಲ್ಲ! ಅಲ್ಲಿ ಸದ್ದೇ ಇಲ್ಲ. ಹಾಡುಹಗಲಲ್ಲೇ ಚುಕ್ಕೆಗಳು ಹೊಳೆಯುತ್ತವೆ. ಬುಟ್ಟಿ ಅದರಾಚೆಗೆ ತೇಲಿಹೋಯಿತು."

ಹೊಳೆವ್ವ ಬಂಡೆಯ ಮೇಲೆ ಕೂತು ಆಕಾಶ ನೋಡಿದಳು. ಕಣ್ಣು ಮಿಟುಕಿಸಲಿಲ್ಲ.

ಆಗ ಪಡುವಣದಲ್ಲಿ ಒಂದು ಬಿಳಿ ಚುಕ್ಕೆ ಎದ್ದಿತು. ನೆತ್ತಿಯ ಮೇಲೆ ಮೆಲ್ಲಗೆ ಸಾಗಿ ಮೂಡಣದಲ್ಲಿ ಮುಳುಗಿತು.

"ಮುಗಿಯಿತು. ಅಂಚಿನಿಂದ ಬಿತ್ತು," ಎಂದ ಮಾಳಪ್ಪ.

ಆದರೆ ಅದೇ ಚುಕ್ಕೆ ಮತ್ತೆ ಪಡುವಣದಲ್ಲಿ ಎದ್ದಿತು! ಸಾಗಿತು, ಮುಳುಗಿತು, ಮತ್ತೆ ಎದ್ದಿತು. ಊರಿಗೆ ಊರೇ ಬಾಯಿ ತೆರೆದು ನಿಂತಿತು. ಅಳುತ್ತಿದ್ದ ಕೂಸುಗಳೂ ಸುಮ್ಮನಾದವು.

ಮೂರನೆಯ ಸುತ್ತಿಗೆ ಚುಕ್ಕೆ ಕೆಳಗಿಳಿದು ಬಂತು. ಗಾಳಿ ಹಾರಿ ಹಿಡಿದುಕೊಂಡಿತು.

ಕೆಂಚಿ ಬುಟ್ಟಿಯಿಂದಿಳಿಯಿತು. ಕಣ್ಣಲ್ಲಿ ಹಿಂದೆಂದೂ ಇಲ್ಲದ ಹೊಳಪು.

"ಅಂಚು ಎಲ್ಲಿದೆ, ಕೆಂಚಿ?" ಎಂದು ಎಲ್ಲರೂ ಮುತ್ತಿಕೊಂಡರು.

ಅಲ್ಲಿ ಕಂಡದ್ದನ್ನು ಹೇಳಲು ಕೆಂಚಿಗೆ ಮಾತೇ ಸಿಗಲಿಲ್ಲ. ನೆಲದ ಮೇಲೆ ಒಂದು ಸುತ್ತು ನಡೆಯಿತು. ಎರಡನೆಯ ಸುತ್ತು ನಡೆಯಿತು. ಮೂರನೆಯದನ್ನೂ ಮುಗಿಸಿ, ಮೂತಿಯನ್ನು ಬಾಲಕ್ಕೆ ತಾಗಿಸಿ, ದುಂಡಗೆ ಮಲಗಿತು.

ಮೊದಲು ತಿಳಿದದ್ದು ಹೊಳೆವ್ವನಿಗೆ. "ಅಂಚೇ ಇಲ್ಲ," ಎಂದು ಪಿಸುಗುಟ್ಟಿದಳು. "ಭೂಮಿ ದುಂಡಗಿದೆ. ಎಷ್ಟು ದೂರ ಹೋದರೂ ಮನೆಗೇ ಬರುತ್ತೇವೆ."

ಮಾರನೆಯ ದಿನವೇ ಜನ ಗುಡ್ಡ ದಾಟಿದರು. ಆಚೆಗೆ ಹಣ್ಣಿನ ಕಾಡಿತ್ತು.

ಹೊಳೆವ್ವ ಮಾತ್ರ ಹೋಗಲಿಲ್ಲ. ಕೆಂಚಿಯ ಪಕ್ಕ ಕೂತು, "ನಿನ್ನನ್ನು ಒಂದು ಮಾತು ಕೇಳದೆ ಕಳಿಸಿದೆನಲ್ಲೇ," ಎಂದು ಅತ್ತಳು. ಕೆಂಚಿ ಅವಳ ಕೈ ನೆಕ್ಕಿತು.

ಎಷ್ಟೋ ಕಾಲದ ಮೇಲೆ ಮನುಷ್ಯರು ಬೆಂಕಿ ಉಗುಳುವ ರಾಕೆಟ್ಟು ಕಟ್ಟಿದರು. ಆಗಲೂ ಅದರಲ್ಲಿ ಕೂತು ಭೂಮಿಯನ್ನು ಮೊದಲು ಸುತ್ತಿದ ಜೀವ ಒಂದು ಬೀದಿನಾಯಿಯೇ. ಪಾಪ, ಅದು ಮರಳಿ ಬರಲಿಲ್ಲ.

ನಿಮ್ಮ ಬೀದಿಯ ನಾಯಿ ಮಲಗುವ ಮುನ್ನ ನಿಂತಲ್ಲೇ ಸುತ್ತು ಹಾಕುವುದನ್ನು ನೋಡಿದ್ದೀಯಲ್ಲ, ಮಗೂ? ಆಗ ಸದ್ದು ಮಾಡಬೇಡ, ಅದು ಭೂಮಿಯನ್ನು ಸುತ್ತುತ್ತಿರುತ್ತದೆ.