ಉದ್ಘಾಟನೆಯ ಎಮ್ಮೆ

ಮಾತಿಗೆ ಮಾತು ಕೊಡುವುದರಲ್ಲಿ ನನ್ನನ್ನು ಮೀರಿಸುವವನು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಬೇಕಾದರೆ ಕೇಳಿ.

ಚಿಕ್ಕವ್ವನ ಎಮ್ಮೆ ಜ್ವರ ಬಂದು ನೆಲ ಹಿಡಿದಿತ್ತು. ಪಟ್ಟಣದ ಪಶುವೈದ್ಯರಿಗೆ ವಿಡಿಯೋ ಕಾಲ್ ಮಾಡಿದೆ. ಅವರು ಗದರಿದರು: "ಒಮ್ಮೆಯಾದರೂ ಖುದ್ದಾಗಿ ಪರೀಕ್ಷೆ ಮಾಡದ ಪ್ರಾಣಿಗೆ ಫೋನಲ್ಲಿ ಔಷಧಿ ಬರೆಯೋ ಹಾಗಿಲ್ಲ. ಇಲ್ಲಿಗೇ ಹೊಡ್ಕೊಂಡ್ ಬಾ."

"ಏಳೋಕೇ ಆಗದ ಎಮ್ಮೆ ಸಾರ್. ಹೊತ್ಕೊಂಡ್ ಬರ್ಲಾ?"

"ನಿಯಮ ಅಂದ್ರೆ ನಿಯಮ ಕಣಯ್ಯಾ!"

ಚಿಕ್ಕವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಬಿಡುತ್ತೇನೆಯೇ?

"ಸಾರ್, ಈ ಫೋನ್ ಸೇವೆ ಉದ್ಘಾಟನೆಗೆ ನಮ್ಮೂರಿಗೆ ಬಂದಾಗ ಇದೇ ಎಮ್ಮೆ ಹಣೆಗೆ ಕುಂಕುಮ ಇಟ್ರಿ. ಪಕ್ಕೆಗೆ ಸ್ಟೆತಾಸ್ಕೋಪ್ ಒತ್ತಿ ಫೋಟೋ ತೆಗೆಸ್ಕೊಂಡ್ರಿ. ಪೇಪರಲ್ಲೂ ಬಂತು. ಅದು ಪರೀಕ್ಷೆನೋ, ನಾಟಕನೋ? ಪೇಪರಿನವರು ಕೇಳಿದ್ರೆ ಏನ್ ಹೇಳ್ಲಿ?"

ವೈದ್ಯರ ಮುಖ ಹುಳ್ಳಗಾಯಿತು. "ಪರೀಕ್ಷೆನೇ ಕಣಯ್ಯಾ" ಎಂದು ಕೆಮ್ಮಿ, ಔಷಧಿ ಚೀಟಿ ಫೋನಿಗೇ ಕಳಿಸಿದರು. ಎಮ್ಮೆ ಎದ್ದು ನಿಂತಿತು. ಊರೆಲ್ಲ ನನ್ನ ಬೆನ್ನು ತಟ್ಟಿತು.

ಆಮೇಲೆ ಪಕ್ಕದ ಮನೆಯ ಈರಾಜಮ್ಮ ಬಂದಳು. ಅವಳಿಗಿದ್ದ ಒಂದೇ ಹಸು ಅದೇ ಜ್ವರಕ್ಕೆ ಮಲಗಿತ್ತು.

"ಆ ಫೋಟೋದಾಗೆ ನಮ್ಮ ಗೌರಿನೂ ಐತಾ ನೋಡಪ್ಪಾ."

ಫೋನಲ್ಲಿ ಆ ಫೋಟೋ ದೊಡ್ಡದು ಮಾಡಿ ಮೂಲೆ ಮೂಲೆ ಹುಡುಕಿದೆ. ಗೌರಿಯ ಬಾಲದ ತುದಿಯೂ ಇರಲಿಲ್ಲ. ಈರಾಜಮ್ಮ ನನ್ನ ಬಾಯನ್ನೇ ನೋಡುತ್ತಾ ಕೂತಿದ್ದಳು. ನಾನು ಫೋಟೋವನ್ನು ಇನ್ನೊಮ್ಮೆ ದೊಡ್ಡದು ಮಾಡಿದೆ.