ಕಡವಿನ ಗಂಟೆ

“ಗುರುಗಳೇ, ಕೆಲಸದ ಒತ್ತಡಕ್ಕೆ ಮೌನ ಒಳ್ಳೆಯ ಮದ್ದು ಎಂದು ನೀವು ಹೇಳಿದಿರಿ. ನನಗೆ ಅದು ಹಿಡಿಯಿತು. ನನ್ನ ಜೊತೆಯವರಿಗೆ ಯಾಕೆ ಹಿಡಿಯಲಿಲ್ಲ?”

ಕೇಳಿದವನು ನಿರ್ವಾಣಯ್ಯ. ಮಠದ ದಾಸೋಹದ ಅಡುಗೆಮನೆಯನ್ನು ನೋಡಿಕೊಳ್ಳುವವನು ಅವನೇ. ಶ್ರಾವಣದಲ್ಲಿ ಪಂಕ್ತಿಯ ಮೇಲೆ ಪಂಕ್ತಿ ಕೂರುತ್ತಿತ್ತು, ಆ ಗದ್ದಲಕ್ಕೆ ಅವನ ತಲೆ ಸಿಡಿಯುತ್ತಿತ್ತು. ಗುರುಗಳ ಮಾತಿನಂತೆ ಮೌನ ಹಿಡಿದ ಮೇಲೆ ತಲೆನೋವು ಇಳಿಯಿತು, ಕೆಲಸವೂ ಹಗುರವಾಯಿತು. ಇಷ್ಟು ಒಳ್ಳೆಯದು ತನ್ನೊಬ್ಬನಿಗೇ ಯಾಕೆ ಎಂದುಕೊಂಡು, ಕೊನೆಯ ಪಂಕ್ತಿ ಏಳುವವರೆಗೆ ಅಡುಗೆಮನೆಯಲ್ಲಿ ಯಾರೂ ಮಾತಾಡಬಾರದು ಎಂದು ಕಟ್ಟಪ್ಪಣೆ ಮಾಡಿದ. ಆ ವಾರವೇ ಎರಡು ಸಲ ಅನ್ನ ಸೀದುಹೋಯಿತು. ಬಡಿಸುವವನೊಬ್ಬ ಸೌಟು ಎಸೆದು ಮನೆಗೆ ಹೋದ.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಕಂಚುಗಾರನಿದ್ದ. ಗಂಟೆ ಎರೆಯುವುದರಲ್ಲಿ ಅವನ ಕೈ ಪಳಗಿತ್ತು. ಕೆಲಸ ಬಿಗಿಯಾದಷ್ಟೂ ನಿಶ್ಶಬ್ದ ಬೇಕೆನ್ನುವ ಸ್ವಭಾವ ಅವನದು. ಕರಗುವ ಲೋಹದ ಮುಂದೆ ನಿಂತಾಗ ಯಾರಾದರೂ ಕೆಮ್ಮಿದರೂ ಹುಬ್ಬು ಗಂಟಿಕ್ಕುತ್ತಿದ್ದ.

ಒಲೆಗೆ ಗಾಳಿ ಊದುವ ತಿದಿಯನ್ನು ಒತ್ತುತ್ತಿದ್ದವನು ಅವನ ಹೆಂಡತಿಯ ತಮ್ಮ. ಅವನು ಒತ್ತಿದರೆ ಬೆಂಕಿ ಏರುಪೇರಿಲ್ಲದೆ ಉರಿಯುತ್ತಿತ್ತು. ಆದರೆ ಅವನದು ಬೇರೆಯೇ ಸ್ವಭಾವ. ಕೆಲಸ ಬಿಗಿಯಾದಷ್ಟೂ ಅವನ ಬಾಯಿ ಬಿಚ್ಚಿಕೊಳ್ಳುತ್ತಿತ್ತು. ಹಾಡುತ್ತಿದ್ದ, ಮರೆತ ಹಾಡಿಗೆ ತಾನೇ ಪದ ಕಟ್ಟುತ್ತಿದ್ದ, ಕೇಳುವವರು ಇಲ್ಲದಿದ್ದರೆ ಬೆಂಕಿಗೇ ಊರ ಸುದ್ದಿ ಹೇಳುತ್ತಿದ್ದ. ಇವನಿಗೆ ಎಲ್ಲವೂ ಆಟ ಎಂದು ಕಂಚುಗಾರ ಒಳಗೊಳಗೇ ಬೇಸರಪಡುತ್ತಿದ್ದ. ಎರೆಯುವುದು ಸಣ್ಣ ಗಂಟೆಗಳಾದ್ದರಿಂದ ಹೇಗೋ ಸಹಿಸಿಕೊಂಡಿದ್ದ.

ಒಂದು ವರ್ಷ ಹೊಳೆಯಾಚೆಯ ಊರಿನವರು ಅವನ ಬಳಿಗೆ ಬಂದರು. ಹಿಂದಿನ ಚಳಿಗಾಲದಲ್ಲಿ ಮಂಜು ಮುಸುಕಿ, ದಡ ಕಾಣದೆ ಅವರದೊಂದು ದೋಣಿ ಬಂಡೆಗೆ ಬಡಿದು ಮುಳುಗಿತ್ತು. ದೋಣಿ ಕಟ್ಟುವ ಕಡವಿನಲ್ಲಿ ದೊಡ್ಡದೊಂದು ಗಂಟೆ ಇದ್ದರೆ, ಮಂಜು ಬಿದ್ದಾಗ ಅದನ್ನು ಬಾರಿಸಬಹುದು, ಅಂಬಿಗರು ಸದ್ದಿನ ಜಾಡು ಹಿಡಿದು ದಡ ಸೇರಬಹುದು ಎಂದರು. ಅದಕ್ಕೆಂದು ಮನೆಮನೆಯಿಂದ ಕಂಚಿನ ಪಾತ್ರೆ ಕೂಡಿಸಿ ತಂದಿದ್ದರು. ಮುಳುಗಿದವರಲ್ಲಿ ಒಬ್ಬನ ತಾಯಿ, ಮಗ ಉಣ್ಣುತ್ತಿದ್ದ ಗಂಗಾಳವನ್ನೇ ಕೊಟ್ಟಿದ್ದಳು. ಈ ಸಲ ಮಂಜು ಬೀಳುವ ಮೊದಲು ಗಂಟೆ ತೂಗಬೇಕು ಎಂದು ಹೇಳಿ ಹೋದರು.

ಅಷ್ಟು ದೊಡ್ಡ ಗಂಟೆಯನ್ನು ಕಂಚುಗಾರ ಎಂದೂ ಎರೆದಿರಲಿಲ್ಲ. ಊಟ ರುಚಿಸದಾಯಿತು. ಅಚ್ಚು ಸಿದ್ಧವಾಗಿ ಎರೆಯುವ ದಿನ ಬಂದಾಗ ಅವನು ಒಂದೇ ಮಾತು ಹೇಳಿದ: ಇವತ್ತು ಯಾರೂ ತುಟಿ ಬಿಚ್ಚಬಾರದು.

ಭಾವಮೈದುನ ಎದುರಾಡಲಿಲ್ಲ. ಹಲ್ಲು ಕಚ್ಚಿ ತಿದಿಯ ಮುಂದೆ ಕೂತ. ಎಷ್ಟೋ ದಿನಗಳ ಮೇಲೆ ಕಂಚುಗಾರನಿಗೆ ಎದೆ ಹಗುರಾಯಿತು. ಆದರೆ ತಿದಿ ಮೊದಲು ಅವಸರದಲ್ಲಿ ಹೊಡೆದುಕೊಂಡಿತು, ಆಮೇಲೆ ಸೋತಿತು, ಮತ್ತೆ ಅವಸರಪಟ್ಟಿತು. ಬೆಂಕಿಯ ಬಣ್ಣ ಏರುತ್ತ ಇಳಿಯುತ್ತ ಹೋಯಿತು. ಹದ ತಪ್ಪಿದ ಲೋಹವನ್ನೇ ಎರೆಯಬೇಕಾಯಿತು. ಆರಿದ ಮೇಲೆ ಅಚ್ಚು ಒಡೆದು ನೋಡಿದರೆ ಗಂಟೆಯ ಹೆಗಲ ಸುತ್ತ ಬಿರುಕು. ತಟ್ಟಿದರೆ ಒಡೆದ ಮಡಕೆಯ ಸದ್ದು.

“ನಿನ್ನ ಮನಸ್ಸು ಎಲ್ಲಿತ್ತು?” ಎಂದು ಕಂಚುಗಾರ ಕೇಳಿದ.

“ಮುಚ್ಚಿಕೊಂಡಿದ್ದ ಬಾಯಿಯ ಮೇಲಿತ್ತು, ಭಾವ” ಎಂದ ಅವನು.

ಕಂಚುಗಾರನಿಗೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಹುಡುಗ ಸುಳ್ಳು ಹೇಳುವವನಲ್ಲ. ಆಟವೆಂದು ತಾನು ತಿಳಿದಿದ್ದು ಅವನ ದಿಗಿಲನ್ನೇ ಇರಬೇಕು. ಹಾಗಿದ್ದರೆ ದಿಗಿಲಿಗೆ ಹಾಡೇ ಮದ್ದು, ಇಷ್ಟು ಕಾಲ ತಾನೇ ದಾರಿ ತಪ್ಪಿದ್ದೆ ಎಂದು ಅವನಿಗೆ ತೋಚಿತು. ಹೊಸ ಅಚ್ಚು ಮಾಡಿ, ಬಿರುಕು ಬಿಟ್ಟ ಗಂಟೆಯನ್ನು ಒಡೆದು ಲೋಹ ಕರಗಿಸುವ ಮೂಸೆಗೆ ಮತ್ತೆ ಹಾಕಿದ. ಎರಡನೆಯ ಸಲ ಹಾಡಲು ಭಾವಮೈದುನನಿಗೆ ಹೇಳಿದ್ದಷ್ಟೇ ಅಲ್ಲ, ತಾನೂ ದನಿಗೂಡಿಸಿದ.

ಭಾವಮೈದುನನ ಹಾಡಿಗೆ ತಿದಿ ಹದವಾಗಿ ಉಸಿರಾಡಿತು, ಬೆಂಕಿ ಸಮನಾಗಿ ಉರಿಯಿತು. ಕಂಚುಗಾರ ಮಾತ್ರ ಮುಂದಿನ ಸಾಲು ನೆನಪಿಸಿಕೊಳ್ಳುವುದರಲ್ಲಿ ಲೋಹದ ಬಣ್ಣ ನೋಡುವುದನ್ನು ಮರೆತ. ಅವಸರದಲ್ಲಿ ಮೂಸೆ ಬಗ್ಗಿಸಿದ, ಅರ್ಧ ಲೋಹ ನೆಲದ ಪಾಲಾಯಿತು. ಕಾಲು ಸುಡದೆ ಉಳಿದದ್ದೇ ಪುಣ್ಯ.

ಅವನು ಜಗಲಿಯ ಮೇಲೆ ತಲೆ ತಗ್ಗಿಸಿ ಕೂತ. ಹೆಂಡತಿ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಳು.

“ಅವನಿಗೆ ಆಗಿಬಂದದ್ದು ನನಗೆ ಯಾಕೆ ಆಗಿಬರಲಿಲ್ಲ?” ಎಂದು ಕೇಳಿದ.

“ನೀವು ಮದುವೆಯಲ್ಲೂ ಹಾಡಿದವರಲ್ಲ” ಎಂದಳು ಅವಳು.

ಅವನಿಗೆ ನಗು ಬಂತು. ಗಂಟೆಯ ಕೆಲಸ ಹಿಡಿದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಅವಳೂ ನಕ್ಕಳು. ಆಮೇಲೆ ದೀಪದ ಬತ್ತಿಗೆಂದು ಅರಳೆ ತೆಗೆದುಕೊಂಡು ಹೊಸೆಯತೊಡಗಿದಳು. ಕಂಚುಗಾರ ಅವಳ ಬೆರಳುಗಳನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಕೈ ಚಾಚಿ ಎರಡು ಉಂಡೆ ಅರಳೆ ಕೇಳಿ ಇಸಿದುಕೊಂಡ.

ನೆಲದಲ್ಲಿ ಹೆಪ್ಪುಗಟ್ಟಿದ ಲೋಹವನ್ನು ಅಗೆದು ತೊಳೆದು ಮತ್ತೆ ಕೂಡಿಸಿದರು. ಹೊಸ ಅಚ್ಚು ಒಣಗುವ ಹೊತ್ತಿಗೆ ಬೆಳಗಿನಲ್ಲಿ ತೆಳ್ಳಗೆ ಮಂಜು ಕಾಣಿಸಿಕೊಳ್ಳತೊಡಗಿತ್ತು. ಮೂರನೆಯ ಸಲ ಒಲೆ ಹೊತ್ತಿಸುವ ಮೊದಲು ಕಂಚುಗಾರ ಭಾವಮೈದುನನನ್ನು ಕರೆದು, ನಿನಗೆ ಬೇಕಾದಷ್ಟು ಹಾಡು, ನಾನು ಕೈ ಎತ್ತಿದಾಗ ತಿದಿ ನಿಲ್ಲಿಸು ಎಂದ. ಆಮೇಲೆ ಎರಡೂ ಕಿವಿಗೆ ಅರಳೆ ತುಂಬಿಕೊಂಡ. ಯಾವ ಹಾಡು ಹಾಡಲಿ ಎಂದು ಭಾವಮೈದುನ ಕೇಳಿದ್ದು ಕಂಚುಗಾರನಿಗೆ ಕೇಳಿಸಲೇ ಇಲ್ಲ.

ಅಂದು ಅವನ ಪಾಲಿಗೆ ಬೆಂಕಿಯೊಂದೇ ಇತ್ತು. ಭಾವಮೈದುನನ ಬಾಯಿ ಆಡುತ್ತಿತ್ತು, ಕೈ ಅದರ ಜೊತೆಗೇ ಆಡುತ್ತಿತ್ತು. ಕೆಂಪು ಹೋಗಿ ಹೊಂಬಣ್ಣ ಬಂತು, ಹೊಂಬಣ್ಣ ಬೆಳ್ಳಗಾಯಿತು. ಕಂಚುಗಾರ ಕೈ ಎತ್ತಿದ. ತಿದಿ ನಿಂತಿತು. ಲೋಹ ಒಂದೇ ಧಾರೆಯಾಗಿ ಅಚ್ಚಿಗೆ ಇಳಿಯಿತು.

ಅಚ್ಚು ಒಡೆಯುವ ದಿನ ಹೊಳೆಯಾಚೆಯವರೂ ಬಂದು ಸುತ್ತ ನಿಂತರು. ತಲೆಗೊಂದು ಮಾತಾಡುವ ಆ ಗುಂಪಿನ ನಡುವೆ ನಿಲ್ಲಲಾರದೆ ಕಂಚುಗಾರ ಅಂದೂ ಕಿವಿಗೆ ಅರಳೆ ಇಟ್ಟುಕೊಂಡೇ ಬಂದ. ಮಣ್ಣು ಬಿಡಿಸಿದರು. ಬಿರುಕು ಇರಲಿಲ್ಲ. ಭಾವಮೈದುನ ಕೊಡತಿ ಎತ್ತಿ ಹೊಡೆದ. ಕಂಚುಗಾರನಿಗೆ ಕಂಡದ್ದು ಜನರ ಮುಖ ಮಾತ್ರ. ಗಂಗಾಳ ಕೊಟ್ಟ ತಾಯಿ ಕಣ್ಣು ಮುಚ್ಚಿ ನಿಂತಿದ್ದಳು. ಹೆಂಡತಿ ಪಕ್ಕಕ್ಕೆ ಬಂದು ಅವನ ಕಿವಿಯಿಂದ ಅರಳೆ ಎಳೆದಳು. ಗಂಟೆಯ ನಾದ ಇನ್ನೂ ನಡೆದೇ ಇತ್ತು. ಅದು ಹೊಳೆಯ ಕಡೆಗೆ ಹೋಗಿ ಕರಗುವವರೆಗೂ ಅವನು ನಿಂತು ಕೇಳಿದ.

ಆ ಚಳಿಗಾಲದಲ್ಲಿ ಕಡವಿನ ದೋಣಿಗಳೆಲ್ಲ ದಡ ಸೇರಿದವು. ಭಾವ, ಭಾವಮೈದುನ ಒಟ್ಟಿಗೆ ಇನ್ನೂ ಎಷ್ಟೋ ಗಂಟೆಗಳನ್ನು ಎರೆದರು.

ಗುರುಗಳು ಕತೆ ನಿಲ್ಲಿಸಿದರು. “ಹಾಗಾದರೆ ನಾನು ಮೌನ ಹಿಡಿದದ್ದು ತಪ್ಪೇ?” ಎಂದು ನಿರ್ವಾಣಯ್ಯ ಕೇಳಿದ.

“ಕಂಚುಗಾರ ಅರಳೆಯನ್ನು ಇಟ್ಟುಕೊಂಡದ್ದು ತನ್ನ ಕಿವಿಗೆ, ಭಾವಮೈದುನನ ಬಾಯಿಗಲ್ಲ” ಎಂದರು ಗುರುಗಳು.