ಮೂಡಲಿಗಿರುವ ಬೈಗಿನ ಗುಡ್ಡ

ಬಿಳಿಗಲ್ಲುಪಾಳ್ಯದ ಮೂಡಲಿಗೆ, ಊರಿನ ಕೊನೆಯ ಮನೆಯಿಂದ ಒಂದು ಕೂಗಳತೆಯಲ್ಲಿ, ಮರವಿಲ್ಲದ ಒಂದು ಚಿಕ್ಕ ಗುಡ್ಡವಿದೆ. ಪ್ರತಿದಿನ ಸೂರ್ಯ ಹುಟ್ಟುವುದು ಅದರ ಬೆನ್ನಿನಿಂದಲೇ. ಆದರೂ ಅದರ ಹೆಸರು ಬೈಗಿನ ಗುಡ್ಡ. ಬೈಗು ಎಂದರೆ ಸಂಜೆ. ಇದು ಎಲ್ಲರಿಗೂ ತಿಳಿದದ್ದೇ ಆದರೂ ಹೊರಗಿನವರು ಮೊದಲು ಕೇಳುವುದು ಇದನ್ನೇ, ಆದ್ದರಿಂದ ಹೇಳಿಬಿಡುವುದು ಒಳ್ಳೆಯದು. ಬೆಳಗಾಗುವ ದಿಕ್ಕಿನ ಗುಡ್ಡಕ್ಕೆ ಸಂಜೆಯ ಹೆಸರೇಕೆ? ಗುಡ್ಡದ ನಡುವಿನಲ್ಲಿ, ಎರಡು ಮೊನೆಗಲ್ಲುಗಳ ಮೇಲೆ ಕೂತ ಉದ್ದನೆಯ ಬಂಡೆಯೊಂದಿದೆ. ಸುತ್ತಿಗೆಯಿಂದ ಹೊಡೆದರೆ ಅದು ಕಂಚಿನ ಗಂಟೆಯಂತೆ ನುಡಿಯುತ್ತದೆ. ಹಿಂದೆ ಸಂಜೆ ಹೊತ್ತು ಅದನ್ನು ಬಾರಿಸುತ್ತಿದ್ದರು, ಅದಕ್ಕೇ ಆ ಹೆಸರು ಎಂದು ಕೆಲವರು ಸುಲಭವಾಗಿ ಮುಗಿಸುತ್ತಾರೆ. ಅಷ್ಟೇ ಆಗಿದ್ದರೆ ಗಂಟೆಗುಡ್ಡ ಎನ್ನುತ್ತಿದ್ದರು. ಹಿರಿಯರು ಹೇಳುವುದು ಬೇರೆ. ಇಲ್ಲಿ ಒಂದು ದಿನ ನಡುಹಗಲಲ್ಲೇ ಬೈಗಾಯಿತು ಎನ್ನುತ್ತಾರೆ.

ಹಿಂದೆ ಒಮ್ಮೆ, ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟುತ್ತಿದ್ದ ಕಾಲದಲ್ಲಿ, ಕಲ್ಲು ಒಡೆಯಲು ಬಂದ ಮೂವತ್ತು ಕ್ರೈಸ್ತ ಮನೆಗಳು ಇಲ್ಲಿ ಗುಡಿಸಲು ಹಾಕಿಕೊಂಡಿದ್ದವು. ಗಂಡಸರು ಕಲ್ಲು ಒಡೆದರೆ ಹೆಂಗಸರು ಅದನ್ನು ಮಂಕರಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ಒಡ್ಡಿಗೆ ಸಾಗಿಸುತ್ತಿದ್ದರು. ಅವರಿಗೆ ದೇವಾಲಯವಿರಲಿಲ್ಲ, ಗಂಟೆಯೂ ಇರಲಿಲ್ಲ. ಗಂಟೆಯ ಕೆಲಸ ಮಾಡುತ್ತಿದ್ದದ್ದು ಈ ಬಂಡೆ. ಹೊಳೆಯಾಚೆಯ ದಿಣ್ಣೆಗೆ ಸೂರ್ಯ ತಾಕಿದಾಗ ಮೇಸ್ತ್ರಿ ಕೆಳಗಿನಿಂದ ವಸ್ತ್ರ ಬೀಸುತ್ತಿದ್ದ. ಆಗ ಇನ್ನಾಸಪ್ಪ ಎಂಬ ಕಲ್ಲುಕುಟಿಗ ಬಂಡೆಗೆ ಮೂರು ಪೆಟ್ಟು ಹಾಕುತ್ತಿದ್ದ. ಆ ಸದ್ದು ಕೇಳಿದ ಕೂಡಲೇ ಹೊರೆ ಹೊತ್ತವರು ಇದ್ದಲ್ಲೇ ಮಂಕರಿ ಇಳಿಸಿ, ಶಿಲುಬೆಯ ಗುರುತು ಹಾಕಿಕೊಂಡು, ಮೂರು ಸಲ ನಮೋ ಮರಿಯಾ ಜಪ ಹೇಳಿ ಮನೆಗೆ ಹೋಗಬಹುದಿತ್ತು. ಮಂಕರಿಯನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬೇಕಾಗಿರಲಿಲ್ಲ. ಈ ಪದ್ಧತಿಯನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ನಡೆದದ್ದೆಲ್ಲ ಇದರಿಂದಲೇ ನಡೆಯಿತು.

ಮೂರು ತಿಂಗಳಿಗೊಮ್ಮೆ ಕುದುರೆಯ ಮೇಲೆ ಒಬ್ಬ ಪರದೇಶದ ಗುರುಗಳು ಬರುತ್ತಿದ್ದರು. ಜನ ಅವರನ್ನು ಸ್ವಾಮಿ ಎಂದು ಕರೆಯುತ್ತಿದ್ದರು. ಒಂದು ಸಲ ಪ್ರಸಂಗದಲ್ಲಿ, ಅಂದರೆ ಪೂಜೆಯ ನಡುವಿನ ಉಪದೇಶದಲ್ಲಿ, ಸ್ವಾಮಿ ಮೊದಲು ನರಕದ ಮಾತೆತ್ತಿದರು. ಈ ಗುಡ್ಡದಷ್ಟು ಜಲ್ಲಿಯನ್ನು ಸಾವಿರ ವರ್ಷಕ್ಕೊಂದರಂತೆ ಎಸೆದು ಮುಗಿಸಿದರೂ ಅಲ್ಲಿನ ಕಾಲ ಶುರುವೇ ಆಗಿರುವುದಿಲ್ಲ ಎಂದರು. ಜನ ಹೆದರಿದ್ದನ್ನು ನೋಡಿ, ಸಮಾಧಾನ ಹೇಳಲೆಂದು ಮೋಕ್ಷದ ಮಾತಿಗೆ ಬಂದರು. "ಅಲ್ಲಿ ಇರುಳಿಲ್ಲ, ಸಂಜೆಯಿಲ್ಲ. ಎಂದೆಂದೂ ಮುಗಿಯದ ಹಗಲು!" ಎಂದು ಎರಡೂ ಕೈ ಚಾಚಿ ಹೇಳಿದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ಅವರ ಎದುರಿಗೆ ಕೂತಿದ್ದವರು ಮಂಕರಿ ಹೊರುವ ಹೆಂಗಸರು.

ಆ ಹೆಂಗಸರಲ್ಲಿ ಇನ್ನಾಸಪ್ಪನ ಹೆಂಡತಿ ಮದಲೇನಮ್ಮನೂ ಇದ್ದಳು. ಮೊದಲೇ ಕಲ್ಲಿನ ದೂಳಿಗೆ ಅವಳ ಎದೆ ಕಟ್ಟಿತ್ತು. ಪ್ರಸಂಗ ಕೇಳಿ ಬಂದ ಮೂರನೆಯ ದಿನಕ್ಕೆ ಅವಳು ಚಾಪೆ ಹಿಡಿದಳು, ಐದನೆಯ ದಿನ ಉಸಿರಿಗೆ ಒದ್ದಾಡತೊಡಗಿದಳು. ಇಷ್ಟರಲ್ಲಿ ಸ್ವಾಮಿ ಹೊರಡುವ ದಿನವೂ ಬಂದಿತ್ತು. ಸಾಯುವವರ ಹಣೆಗೂ ಅಂಗೈಗೂ ಪವಿತ್ರ ಎಣ್ಣೆ ಹಚ್ಚುವ ಸಂಸ್ಕಾರವೊಂದಿದೆ. ಅದನ್ನು ಪಡೆಯದೆ ಹೋದವರು ದಾರಿ ತಪ್ಪುತ್ತಾರೆ ಎಂದು ಆ ಕಾಲದವರ ನಂಬಿಕೆ. ಸ್ವಾಮಿ ಎಣ್ಣೆ ಹಿಡಿದು ಗುಡಿಸಲಿಗೆ ಬಂದಾಗ ಮದಲೇನಮ್ಮ ಎರಡೂ ಮುಷ್ಟಿ ಬಿಗಿದುಕೊಂಡಳು.

"ಬ್ಯಾಡ ಸ್ವಾಮಿ. ಅಲ್ಲಿ ಬೈಗಾಗಾಕಿಲ್ಲ ಅಂದ್ರಿ. ಹನ್ನೊಂದು ವರ್ಸದಿಂದ ಮಂಕರಿ ಹೊತ್ತಿವ್ನಿ. ಬೈಗಾಯ್ತದೆ ಅಂತ್ಲೇ ಹೊತ್ತಿವ್ನಿ."

"ಅಲ್ಲಿ ಹೊರೆ ಇಲ್ಲಮ್ಮ," ಎಂದರು ಸ್ವಾಮಿ.

"ಸುಖಾನೂ ಮುಗೀದೇ ಇದ್ರೆ ಅದೂ ಹೊರೇನೇ ಅಲ್ವಾ? ನರಕಾನೂ ಮುಗಿಯಾಕಿಲ್ಲ, ಮೋಕ್ಸಾನೂ ಮುಗಿಯಾಕಿಲ್ಲ. ನಂಗೆ ಎಲ್ಡೂ ಬ್ಯಾಡ."

ಬೇಡ ಎನ್ನುವವರಿಗೆ ಎಣ್ಣೆ ಹಚ್ಚುವಂತಿಲ್ಲ. ಅದು ನಿಯಮ. ಸ್ವಾಮಿ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತರು. ಹೊರಗೆ ಕುದುರೆ ಕಾಲು ಕೆದರುತ್ತಿತ್ತು. ಇನ್ನಾಸಪ್ಪ ಹೆಂಡತಿಯ ಕಾಲ ಬಳಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಅವನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ಲೆಕ್ಕ. ಅವಳು ಎಣ್ಣೆಯಿಲ್ಲದೆ ಒಂದು ಕಡೆ, ತಾನು ಎಣ್ಣೆ ಹಚ್ಚಿಸಿಕೊಂಡು ಇನ್ನೊಂದು ಕಡೆ. ನಡುವೆ ಆ ಗುಡ್ಡದಷ್ಟು ಜಲ್ಲಿ, ಸಾವಿರ ವರ್ಷಕ್ಕೊಂದು ಕಲ್ಲು. ಮೂರು ದಿನ ಅವಳು ತವರಿಗೆ ಹೋದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಅಂಥವನು ಮುಗಿಯದ ಕಾಲವನ್ನು ಅವಳಿಲ್ಲದೆ ಕಳೆಯುವುದು ಹೇಗೆ?

"ಮದ್ಲೇನಿ, ನನ್ ಮುಖ ನೋಡ್ಕೊಂಡಾದ್ರೂ ಎಣ್ಣೆ ಈಸ್ಕೊ ಕಣೆ. ಬಂಡೆ ಹೊಡಿಯೋನು ನಾನಲ್ವಾ? ದಿನಾ ಹೊಡೀತೀನಿ. ನೀನೆಲ್ಲೇ ಇರು, ಸದ್ದು ಕೇಳಿದ ತಕ್ಸಣ ನಿಂಗೆ ಬೈಗು."

ಅವಳು ಸ್ವಾಮಿಗಳ ಕಡೆ ತಿರುಗಿ, "ಅಲ್ಲಿಗೆ ಕೇಳಿಸ್ತದಾ?" ಎಂದಳು.

ಸ್ವಾಮಿ ಹೌದು ಎನ್ನಬಹುದಿತ್ತು. "ನನಗೆ ಗೊತ್ತಿಲ್ಲಮ್ಮ," ಎಂದರು.

"ಇವ್ನ ಮಾತು ಯಾವತ್ತು ನೆಟ್ಟಗಿತ್ತು ಸ್ವಾಮಿ? ಮದ್ವೇಲಿ ಕಿವಿಗೆ ಓಲೆ ತತ್ತೀನಿ ಅಂದೋನು, ಇನ್ನೂ ತಂದಿಲ್ಲ," ಎಂದು ಅವಳು ಅಷ್ಟು ಸಂಕಟದಲ್ಲೂ ತುಟಿ ಓರೆ ಮಾಡಿದಳು. ಮತ್ತೆ ಉಸಿರು ಎಳೆದುಕೊಂಡು, "ಈಗ ಹೊಡಿ. ಇಲ್ಲಿಗಾದ್ರೂ ಕೇಳಿಸ್ತದಾ ನೋಡ್ತೀನಿ. ನಂಗಾಗ್ಲೇ ಕಿವಿ ಮುಚ್ಕೊಳ್ತಾ ಐತೆ," ಎಂದಳು.

ಆಗ ಸೂರ್ಯ ನೆತ್ತಿಯ ಮೇಲಿದ್ದ. ಇನ್ನಾಸಪ್ಪ ಸುತ್ತಿಗೆ ಹಿಡಿದು ಓಡಿದ. ದಿನವೂ ಹತ್ತುವ ಗುಡ್ಡವೇ ಆದರೂ ಅಂದು ಎರಡು ಸಲ ಮುಗ್ಗರಿಸಿದ. ಬಂಡೆಯ ಬಳಿ ನಿಂತು ಮೂರು ಪೆಟ್ಟು ಹಾಕಿದ. ಕೆಳಗೆ ಒಡ್ಡಿನ ದಾರಿಯಲ್ಲಿ ಸಾಲಾಗಿ ಹೋಗುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ನೆರಳು ಇನ್ನೂ ಕಾಲಡಿಯಲ್ಲೇ ಇತ್ತು. ಆದರೆ ಅಭ್ಯಾಸ ಎಂಬುದು ಸೂರ್ಯನಿಗಿಂತ ದೊಡ್ಡದು. ಒಬ್ಬಳು ಮಂಕರಿ ಇಳಿಸಿದಳು, ಅವಳ ಹಿಂದಿನವಳೂ ಇಳಿಸಿದಳು, ನೋಡನೋಡುತ್ತಿದ್ದಂತೆ ಇಡೀ ಸಾಲು ಹೊರೆಯಿಳಿಸಿ ಶಿಲುಬೆಯ ಗುರುತು ಹಾಕಿತು. ಮೇಸ್ತ್ರಿ ವಸ್ತ್ರ ಝಾಡಿಸುತ್ತ ಕೂಗಿಕೊಂಡ, "ಏನ್ಲಾ ಇನ್ನಾಸಿ, ಸೂರ್ಯ ಏನು ನಿಮ್ಮತ್ತೆ ಮನೆ ಕೋಳಿನೇನ್ಲಾ, ನೀನು ಹೋಗು ಅಂದ್ರೆ ಗೂಡಿಗೆ ಹೋಗಾಕೆ?"

ಇನ್ನಾಸಪ್ಪನಿಗೆ ಅದು ಕೇಳಿಸಲಿಲ್ಲ. ಗುಡಿಸಲಿಗೆ ಸದ್ದು ಮುಟ್ಟಿತೋ ಇಲ್ಲವೋ ಎಂಬುದು ಅವನಿಗೆ ತಿಳಿಯುವಂತಿರಲಿಲ್ಲ. ಇಳಿದು ಹೋಗಿ ಕೇಳೋಣವೆಂದರೆ ಅಷ್ಟರಲ್ಲಿ ಸದ್ದು ನಿಂತುಬಿಡುತ್ತದೆ. ಇಲ್ಲೇ ನಿಲ್ಲೋಣವೆಂದರೆ ಅವಳ ಕೊನೆಯ ಗಳಿಗೆಗೆ ಅವನು ಹತ್ತಿರವಿರುವುದಿಲ್ಲ. ಅವನು ನಿಂತ. ಮೂರು ಪೆಟ್ಟು ಮೂವತ್ತಾಯಿತು, ಮುನ್ನೂರಾಯಿತು. ಅಂಗೈ ಒಡೆದು ಸುತ್ತಿಗೆಯ ಹಿಡಿ ಜಾರತೊಡಗಿತು. "ಕೇಳುಸ್ಕೊ ಮದ್ಲೇನಿ, ಕೇಳುಸ್ಕೊ" ಎಂದು ಅಳುತ್ತ ಹೊಡೆಯುತ್ತಲೇ ಇದ್ದ. ಕೊನೆಗೆ ಉಪದೇಶಿ ಗಬ್ರಿಯೇಲಪ್ಪ, ಅಂದರೆ ಸ್ವಾಮಿ ಇಲ್ಲದಾಗ ಊರಿನವರಿಗೆ ಜಪ ಹೇಳಿಕೊಡುತ್ತಿದ್ದ ಮುದುಕ, ಏದುಸಿರು ಬಿಡುತ್ತ ಹತ್ತಿಬಂದು ಅವನ ಕೈ ಹಿಡಿದ.

"ಸಾಕು ಬಿಡಪ್ಪ. ಕೇಳಿಸ್ತು."

"ಎಣ್ಣೆ?"

"ತಲೆ ಮ್ಯಾಲಿಂದ ಏನೋ ಇಳಿಸೋ ಹಂಗೆ ಎಲ್ಡೂ ಕೈ ಎತ್ತಿ ಇಳಿಸಿದ್ಲು. ಆಮ್ಯಾಕೆ ಮುಷ್ಟಿ ಬಿಚ್ಚಿದ್ಲು. ಸ್ವಾಮಿ ಹಚ್ಚಿದ್ರು."

ಉಪದೇಶಿಯ ಮುಖದಲ್ಲಿ ಉಳಿದದ್ದು ಕಾಣುತ್ತಿತ್ತು.

ಅವಳನ್ನು ಮಣ್ಣು ಮಾಡಿ ಬಂದ ಸಂಜೆ, ಮೇಸ್ತ್ರಿ ವಸ್ತ್ರ ಬೀಸುವ ಮೊದಲೇ ಅವನು ಗುಡ್ಡದ ಮೇಲಿದ್ದ. ಮರುದಿನವೂ ಇದ್ದ. ಒಡ್ಡು ಮುಗಿಯಿತು, ಮೇಸ್ತ್ರಿ ಹೋದ, ಬಂಡೆ ಹೊಡೆಯಲು ಕಾರಣವೇ ಉಳಿಯಲಿಲ್ಲ. ಅವನು ಬಿಡಲಿಲ್ಲ. ಮುಂದಿನ ಸಲ ಬಂದ ಸ್ವಾಮಿ, "ಅವಳು ಈಗ ಸರ್ವೇಶ್ವರನ ಬಳಿ ಸುಖವಾಗಿದ್ದಾಳೆ, ಸಾಕು ಮಾಡಪ್ಪ" ಎಂದರು. "ನಿಮಗೆ ಗೊತ್ತಿಲ್ಲ ಅಂದ್ರಲ್ಲ ಸ್ವಾಮಿ," ಎಂದ ಇನ್ನಾಸಪ್ಪ. "ಒಂದು ದಿನ ನಾನು ತಪ್ಪಿಸಿದ್ರೆ, ಅವಳಲ್ಲಿ ಹೊತ್ಕೊಂಡೇ ನಿಂತಿದ್ರೆ?" ಜ್ವರದಲ್ಲಿ ತೆವಳಿಕೊಂಡು ಹತ್ತಿದ ದಿನಗಳೂ ಇದ್ದವು ಎನ್ನುತ್ತಾರೆ. ಮುಗಿಯದ ಕಾಲಕ್ಕೆ ಹೆದರಿದವನು ತನ್ನ ಪಾಲಿಗೆ ಮುಗಿಯದ ಕೆಲಸವೊಂದನ್ನು ಕಟ್ಟಿಕೊಂಡಿದ್ದ. ಹೀಗೆ ಇಪ್ಪತ್ತಾರು ವರ್ಷ. ಕೊನೆಗೆ ಅವನೇ ಚಾಪೆ ಹಿಡಿದಾಗ, ತನಗೆ ಯಾರು ಹೊಡೆಯುತ್ತಾರೆ ಎಂದು ಅವನು ಕೇಳಲಿಲ್ಲ. ಕೇಳುವ ಮೊದಲೇ ಯಾರೋ ಗುಡ್ಡ ಹತ್ತಿದ್ದರು. ಅದು ಬೆಳಗಿನ ಹೊತ್ತಾಗಿತ್ತು.

ಈಗ ಹೋದವರಿಗೆ ಬಂಡೆಯ ಒಂದು ಮಗ್ಗುಲಲ್ಲಿ ಬೊಗಸೆಯಷ್ಟು ತಗ್ಗು ಕಾಣುತ್ತದೆ. ಬೆರಳಾಡಿಸಿದರೆ ನುಣುಪಾಗಿದೆ. ಅದು ಇನ್ನಾಸಪ್ಪನೊಬ್ಬನ ಪೆಟ್ಟಿನಿಂದ ಆದದ್ದಲ್ಲ, ಅವನ ನಂತರದವರ ಪೆಟ್ಟುಗಳೂ ಅದರಲ್ಲಿ ಸೇರಿವೆ. ಪಾಳ್ಯದಲ್ಲಿ ಯಾರಿಗಾದರೂ ಉಸಿರು ಕಟ್ಟತೊಡಗಿದರೆ, ಯಾವ ಹೊತ್ತಾದರೂ ಸರಿ, ಮನೆಯವರಲ್ಲೊಬ್ಬರು ಸುತ್ತಿಗೆ ಹಿಡಿದು ಗುಡ್ಡ ಹತ್ತುತ್ತಾರೆ. ನೀವು ಅಂಥ ದಿನ ಅಲ್ಲಿದ್ದರೆ ನಿಮಗೂ ಕಂಡೀತು. ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸು, ಸದ್ದು ಕೇಳಿ, ಯಾರಿಗೆ ಏನು ಎಂದು ವಿಚಾರಿಸದೆ ದಾರಿಯಲ್ಲೇ ಹೊರೆ ಇಳಿಸುತ್ತಾಳೆ. ಮೂರು ನಮೋ ಮರಿಯಾ ಹೇಳುವಷ್ಟು ಹೊತ್ತು ಬರಿಗೈಯಲ್ಲಿ ನಿಲ್ಲುತ್ತಾಳೆ. ಆಮೇಲೆ ಬಗ್ಗಿ ಹೊರೆಯನ್ನು ಮತ್ತೆ ತಲೆಗೇರಿಸಿಕೊಂಡು ನಡೆಯುತ್ತಾಳೆ. ಅವಳಿಗೆ ಬೈಗಾಗಲು ಇನ್ನೂ ಹೊತ್ತಿದೆ.